ಗುಲಬರ್ಗಾ ಎಂಬ ಕ್ಷೇತ್ರ, ಕಲಬುರಗಿ ಎಂಬ ಊರು

2014ರ ನವೆಂಬರ್ 1ರಂದು ನಮ್ಮ ಊರು ಅಧಿಕೃತವಾಗಿ ಕಲಬುರಗಿ ಆಯಿತು. ರೈಲು ನಿಲ್ದಾಣದ ಫಲಕ ಬದಲಾಯಿತು, ಬಸ್ಸಿನ ಬೋರ್ಡುಗಳು ಬದಲಾದವು, ಸರ್ಕಾರಿ ಕಚೇರಿಗಳ ಮೊಹರುಗಳೂ ನಿಧಾನವಾಗಿ ಬದಲಾದವು. ಆದರೆ 2024ರ ಮೇ 7ರಂದು ಮತ ಹಾಕಿದಾಗಲೂ ಚುನಾವಣಾ ಆಯೋಗದ ಲೆಕ್ಕದಲ್ಲಿ ನಾನು ಗುಲಬರ್ಗಾ ಲೋಕಸಭಾ ಕ್ಷೇತ್ರದ ಮತದಾರನೇ ಆಗಿದ್ದೆ. ಕ್ಷೇತ್ರಗಳ ಹೆಸರು ಇರುವುದು 2008ರಲ್ಲಿ ಜಾರಿಗೆ ಬಂದ ಪುನರ್ವಿಂಗಡಣೆಯ, ಅಂದರೆ ಕ್ಷೇತ್ರಗಳ ಗಡಿಗೆರೆಗಳನ್ನು ಹೊಸದಾಗಿ ಎಳೆದ, ಆದೇಶದಲ್ಲಿ. ರಾಜ್ಯ ಸರ್ಕಾರ ಊರಿನ ಹೆಸರನ್ನು ತಿದ್ದಿದ ಮಾತ್ರಕ್ಕೆ ಆ ಆದೇಶದೊಳಗಿನ ಹೆಸರು ತಾನಾಗಿ ಬದಲಾಗುವುದಿಲ್ಲ. ಪತ್ರಿಕೆಗಳು ಕಲಬುರಗಿ ಉತ್ತರ, ಕಲಬುರಗಿ ದಕ್ಷಿಣ ಎಂದು ಬರೆದರೂ ಆಯೋಗದ ಪಟ್ಟಿಯಲ್ಲಿ ಅವು ಇಂದಿಗೂ ಗುಲಬರ್ಗಾ ಉತ್ತರ, ಗುಲಬರ್ಗಾ ದಕ್ಷಿಣ. ಇದೊಂದು ಕ್ಷುಲ್ಲಕ ವಿಷಯ ಎಂದು ನಾನೂ ಮೊದಲು ಭಾವಿಸಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಊರು ಮತ್ತು ಕ್ಷೇತ್ರ ಬೇರೆ ಬೇರೆ ವಸ್ತುಗಳು, ಅವೆರಡಕ್ಕೂ ಒಂದೇ ಹೆಸರಿದ್ದ ಕಾರಣಕ್ಕೆ ನಾವು ಅರವತ್ತು ವರ್ಷ ಅವನ್ನು ಒಂದೇ ಎಂದುಕೊಂಡಿದ್ದೆವು ಎಂಬುದು ನನಗೆ ಹೊಳೆದದ್ದೇ ಈ ಹೆಸರಿನ ವ್ಯತ್ಯಾಸದಿಂದ.

ಕ್ಷೇತ್ರದ ಆಕಾರವನ್ನು ಒಮ್ಮೆ ನೋಡಬೇಕು. ಅಫಜಲಪುರ, ಜೇವರ್ಗಿ, ಗುರುಮಠಕಲ್, ಚಿತ್ತಾಪುರ, ಸೇಡಂ, ಗುಲಬರ್ಗಾ ಗ್ರಾಮೀಣ, ಗುಲಬರ್ಗಾ ದಕ್ಷಿಣ, ಗುಲಬರ್ಗಾ ಉತ್ತರ ಎಂಬ ಎಂಟು ವಿಧಾನಸಭಾ ಕ್ಷೇತ್ರಗಳು ಸೇರಿ ಇದಾಗಿದೆ. ಪುನರ್ವಿಂಗಡಣೆಯ ಹೊತ್ತಿಗೆ ಅಖಂಡವಾಗಿದ್ದ ಗುಲಬರ್ಗಾ ಜಿಲ್ಲೆಯಲ್ಲಿ 13 ವಿಧಾನಸಭಾ ಕ್ಷೇತ್ರಗಳಿದ್ದವು. ಅವುಗಳಲ್ಲಿ ಆಳಂದ ಮತ್ತು ಚಿಂಚೋಳಿ ಬೀದರ್ ಲೋಕಸಭಾ ಕ್ಷೇತ್ರಕ್ಕೆ ಹೋದವು, ಸುರಪುರ, ಶಹಾಪುರ, ಯಾದಗಿರಿ ರಾಯಚೂರಿಗೆ ಹೋದವು, ಉಳಿದ ಎಂಟು ನಮಗೆ ಬಂದವು. 2009ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾದಾಗ ಈ ಗೆರೆಗಳು ಇನ್ನಷ್ಟು ವಿಚಿತ್ರವಾಗಿ ಕಾಣತೊಡಗಿದವು. ತೆಲಂಗಾಣದ ಗಡಿಗೆ ಅಂಟಿಕೊಂಡಿರುವ, ಈಗ ಯಾದಗಿರಿ ಜಿಲ್ಲೆಗೆ ಸೇರಿದ ಗುರುಮಠಕಲ್ಲಿನವರು ನಮ್ಮ ಜೊತೆ ಸಂಸದರನ್ನು ಆರಿಸುತ್ತಾರೆ. ಇಲ್ಲಿಂದ 40 ಕಿ.ಮೀ. ಆಸುಪಾಸಿನಲ್ಲಿರುವ, ನಮ್ಮದೇ ಜಿಲ್ಲೆಯ ಆಳಂದದವರು ಬೀದರಿನ ಜೊತೆ ಆರಿಸುತ್ತಾರೆ. ನನ್ನ ಅಕ್ಕನ ಮನೆ ಆಳಂದದಲ್ಲಿದೆ. ಆಕೆಯ ದವಾಖಾನೆ, ಬಟ್ಟೆ ಅಂಗಡಿ, ಮಕ್ಕಳ ಕಾಲೇಜು ಎಲ್ಲವೂ ಕಲಬುರಗಿಯಲ್ಲೇ ಇದ್ದು, ಸಂಸದರು ಮಾತ್ರ ಬೀದರಿನವರು.

ಈ ಕ್ಷೇತ್ರದ ಮೊದಲ ಸಂಸದರು ಸ್ವಾಮಿ ರಮಾನಂದ ತೀರ್ಥರು. ನಿಜಾಮರ ಆಳ್ವಿಕೆಯ ವಿರುದ್ಧ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಮುನ್ನಡೆಸಿದ ಅವರು 1952ರಲ್ಲಿ ಇಲ್ಲಿಂದ ಗೆದ್ದಾಗ ಗುಲಬರ್ಗಾ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಳ್ವಿಕೆ ಕೊನೆಗೊಂಡ 1948ರ ಸೆಪ್ಟೆಂಬರ್ 17 ಕಳೆದು ನಾಲ್ಕು ವರ್ಷವೂ ತುಂಬಿರಲಿಲ್ಲ. ಅವರು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ, ಅವರ ಕಾರ್ಯಕ್ಷೇತ್ರ ಬಹುಪಾಲು ಮರಾಠವಾಡ. ರಾಜ್ಯಗಳ ಪುನರ್ವಿಂಗಡಣೆಯಾಗಿ 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1957ರಲ್ಲಿ ಅವರು ಔರಂಗಾಬಾದಿನಿಂದ ಲೋಕಸಭೆಗೆ ಹೋದರು. ನಮ್ಮ ಮೊದಲ ಪ್ರತಿನಿಧಿಯೂ ನಾವೂ ಒಂದೇ ಅವಧಿಯ ನಂತರ ಬೇರೆ ಬೇರೆ ರಾಜ್ಯದವರಾದೆವು.

1957ರ ಚುನಾವಣೆಯ ಕಥೆಯನ್ನು ನನ್ನ ಅಪ್ಪ ಹೇಳುತ್ತಿದ್ದರು. ಆ ಸಲ ಗುಲಬರ್ಗಾ ದ್ವಿಸದಸ್ಯ ಕ್ಷೇತ್ರವಾಗಿತ್ತು. ಒಂದು ಸಾಮಾನ್ಯ ಸ್ಥಾನ, ಒಂದು ಪರಿಶಿಷ್ಟ ಜಾತಿಗೆ ಮೀಸಲಾದ ಸ್ಥಾನ, ಎರಡಕ್ಕೂ ಅವೇ ಮತದಾರರು. ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಪ್ರತ್ಯೇಕ ಪೆಟ್ಟಿಗೆ ಇರುತ್ತಿದ್ದ ಕಾಲವದು. "ನಮ್ಗ ಎರಡು ಚೀಟಿ ಕೊಡ್ತಿದ್ರು. ಒಂದೊಂದು ಡಬ್ಬಿಗಿ ಒಂದೊಂದು ಹಾಕಬೇಕು. ಎರಡೂ ಒಂದೇ ಡಬ್ಬಿಗಿ ಹಾಕಿದ್ರ ಒಂದು ಸುಳ್ಳಾಗ್ತದಂತ ಮಾಸ್ತರ್ ಹೊರಗ ನಿಂತು ಕೂಗಿ ಹೇಳ್ತಿದ್ದ" ಎಂದು ಅವರು ನೆನಪಿಸಿಕೊಳ್ಳುತ್ತಿದ್ದರು. ಮಹದೇವಪ್ಪ ರಾಂಪುರೆ ಮತ್ತು ಶಂಕರದೇವ್ ಇಬ್ಬರೂ ಕಾಂಗ್ರೆಸ್ಸಿನಿಂದ ಗೆದ್ದರು. 1961ರ ಕಾಯ್ದೆ ದ್ವಿಸದಸ್ಯ ಕ್ಷೇತ್ರಗಳನ್ನು ರದ್ದು ಮಾಡಿತು. 1962ರಿಂದ ಗುಲಬರ್ಗಾ ಒಬ್ಬರೇ ಸದಸ್ಯರ ಸಾಮಾನ್ಯ ಕ್ಷೇತ್ರವಾಗಿ ಮುಂದುವರಿಯಿತು. 2008ರಲ್ಲಿ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾದಾಗ ಇದು ಹಿಂದೆಂದೂ ಇಲ್ಲದ ಹೊಸ ವ್ಯವಸ್ಥೆ ಎಂಬಂತೆ ನಮ್ಮ ಓಣಿಯಲ್ಲಿ ಮಾತನಾಡಿದವರು ಬಹಳ ಜನ. ಅವರಲ್ಲಿ ಕೆಲವರ ಅಪ್ಪಂದಿರು 1957ರಲ್ಲಿ ಆ ಎರಡನೆಯ ಚೀಟಿಯನ್ನು ಕೈಯಲ್ಲಿ ಹಿಡಿದಿದ್ದವರೇ.

ರಾಂಪುರೆಯವರು 1962 ಮತ್ತು 1967ರಲ್ಲೂ ಗೆದ್ದು ಮೂರು ಅವಧಿ ಸಂಸದರಾಗಿದ್ದರು. ಆದರೆ ನಗರದಲ್ಲಿ ಅವರ ಹೆಸರು ಉಳಿದಿರುವುದು ಸಂಸತ್ತಿನ ಭಾಷಣಗಳಿಂದಲ್ಲ, ಅವರು ಕಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯಿಂದ. ಇಂದು ಎಂ.ಆರ್. ಮೆಡಿಕಲ್ ಕಾಲೇಜಿನ ಮುಂದೆ ಆಟೊ ಹಿಡಿಯುವ ಹುಡುಗರಿಗೆ ಆ ಎರಡು ಅಕ್ಷರಗಳ ವಿಸ್ತಾರ ಗೊತ್ತಿರಬಹುದು, ಆತ ಈ ಕ್ಷೇತ್ರದ ಸಂಸದರಾಗಿದ್ದರೆಂಬುದು ಗೊತ್ತಿರಲಾರದು. 1971ರಲ್ಲಿ ಧರ್ಮರಾವ್ ಶರಣಪ್ಪ ಅಫಜಲಪುರಕರ್, 1977ರಲ್ಲಿ ಸಿದ್ರಾಮರೆಡ್ಡಿ ಆಯ್ಕೆಯಾದರು. ತುರ್ತು ಪರಿಸ್ಥಿತಿಯ ನಂತರ ಉತ್ತರ ಭಾರತವೆಲ್ಲ ಕಾಂಗ್ರೆಸ್ಸನ್ನು ಗುಡಿಸಿ ಹಾಕಿದಾಗಲೂ ಕರ್ನಾಟಕದ 28ರಲ್ಲಿ 26 ಸ್ಥಾನಗಳು ಅದಕ್ಕೇ ಬಂದಿದ್ದವು, ನಮ್ಮದೂ ಅದರಲ್ಲಿ ಸೇರಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು 1980ನೆಯ ಇಸವಿ. ಆ ಜನವರಿಯಲ್ಲಿ ಇಲ್ಲಿಂದ ಗೆದ್ದವರು ಜೇವರ್ಗಿಯ ಧರ್ಮಸಿಂಗ್. ಅದೇ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಆಪ್ತರಲ್ಲಿ ಒಬ್ಬರಾದ ಸಿ.ಎಂ. ಸ್ಟೀಫನ್ ನವದೆಹಲಿ ಕ್ಷೇತ್ರದಲ್ಲಿ ಅಟಲ್ ಬಿಹಾರಿ ವಾಜಪೇಯಿಯವರ ಎದುರು ಸೋತರು. ಸ್ಟೀಫನ್ ಕೇರಳದವರು, ಅದಕ್ಕೆ ಮುಂಚೆ ಇಡುಕ್ಕಿಯ ಸಂಸದರಾಗಿದ್ದವರು, ಲೋಕಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದವರು. ಅವರನ್ನು ಸದನಕ್ಕೆ ತರಲೇಬೇಕಾಗಿತ್ತು. ಧರ್ಮಸಿಂಗ್ ರಾಜೀನಾಮೆ ಕೊಟ್ಟರು, ಗುಲಬರ್ಗಾದಲ್ಲಿ ಉಪಚುನಾವಣೆ ನಡೆಯಿತು, ಕನ್ನಡವೂ ಉರ್ದುವೂ ತಮ್ಮ ಮನೆಮಾತಲ್ಲದ ಮಲಯಾಳಿ ನಾಯಕರೊಬ್ಬರು ನಮ್ಮ ಸಂಸದರಾಗಿ, ಕೇಂದ್ರದ ಸಂಪರ್ಕ ಖಾತೆಯ ಸಚಿವರೂ ಆದರು. ಎರಡು ವರ್ಷ ಮೊದಲು ಚಿಕ್ಕಮಗಳೂರಿನಲ್ಲಿ ಡಿ.ಬಿ. ಚಂದ್ರೇಗೌಡರು ಇಂದಿರಾ ಗಾಂಧಿಯವರಿಗಾಗಿ ಸ್ಥಾನ ಬಿಟ್ಟುಕೊಟ್ಟದ್ದನ್ನು ನಾಡೆಲ್ಲ ನೆನಪಿಟ್ಟುಕೊಂಡಿದೆ, ನಮ್ಮ ಈ ಎರವಲಿನ ಕಥೆಯನ್ನು ನಾವೇ ಮರೆತಿದ್ದೇವೆ. ಸುರಕ್ಷಿತ ಕ್ಷೇತ್ರ ಎಂದು ರಾಜಕೀಯ ಪಕ್ಷಗಳು ಹೇಳುವಾಗ ಅದು ಯಾರಿಗೆ ಸುರಕ್ಷಿತ ಎಂಬುದನ್ನು ಮತದಾರ ಒಮ್ಮೆಯಾದರೂ ಕೇಳಿಕೊಳ್ಳಬೇಕು. ಧರ್ಮಸಿಂಗ್ ಅವರಿಗೆ ಇದರಿಂದ ನಷ್ಟವಾಯಿತೆಂದು ಹೇಳಲಾಗದು. ಅವರು ಜೇವರ್ಗಿಗೆ ಮರಳಿ, 2004ರಲ್ಲಿ ಮುಖ್ಯಮಂತ್ರಿಯೇ ಆದರು.

ಚಿಕ್ಕಮಗಳೂರಿನ ಆ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ಜನತಾ ಪಕ್ಷದಿಂದ ನಿಂತು ಸೋತಿದ್ದವರು ಚಿಂಚೋಳಿಯ ವೀರೇಂದ್ರ ಪಾಟೀಲರು. 1984ರಲ್ಲಿ ಅವರೇ ಕಾಂಗ್ರೆಸ್ ಅಭ್ಯರ್ಥಿಯಾಗಿ ಗುಲಬರ್ಗಾದಿಂದ ಲೋಕಸಭೆಗೆ ಗೆದ್ದರು. 1989 ಮತ್ತು 1991ರಲ್ಲಿ ಡಾ. ಬಿ.ಜಿ. ಜವಳಿ ಆಯ್ಕೆಯಾದರು. ಅಲ್ಲಿಯವರೆಗೆ, ಅಂದರೆ 1952ರಿಂದ ನಾಲ್ಕು ದಶಕಗಳ ಕಾಲ, ಈ ಕ್ಷೇತ್ರದಲ್ಲಿ ಕಾಂಗ್ರೆಸ್ ಬಿಟ್ಟು ಬೇರೊಂದು ಪಕ್ಷ ಗೆದ್ದಿರಲೇ ಇಲ್ಲ. 1996ರಲ್ಲಿ ಜನತಾದಳದಿಂದ ಖಮರುಲ್ ಇಸ್ಲಾಂ ಆ ಸಾಲನ್ನು ಮುರಿದರು. 1998ರಲ್ಲಿ ಬಸವರಾಜ ಪಾಟೀಲ ಸೇಡಂ ಬಿಜೆಪಿಗೆ ಮೊದಲ ಗೆಲುವು ತಂದರು. 1999 ಮತ್ತು 2004ರಲ್ಲಿ ಕಾಂಗ್ರೆಸ್ಸಿನ ಇಕ್ಬಾಲ್ ಅಹ್ಮದ್ ಸರಡಗಿ ಗೆದ್ದರು. 1996ರಿಂದ 2009ರವರೆಗಿನ ಈ ಹದಿಮೂರು ವರ್ಷಗಳಲ್ಲಿ ನಗರದ ಧ್ವನಿ ಸಂಸತ್ತಿನಲ್ಲಿ ಸ್ವಲ್ಪ ಹೆಚ್ಚು ಕೇಳಿಸಿತು ಎಂದು ನನಗನ್ನಿಸುತ್ತದೆ. ಇಬ್ಬರು ಮುಸ್ಲಿಂ ಸಂಸದರು ಬಂದದ್ದೂ ಈ ಅವಧಿಯಲ್ಲೇ. ಖಾಜಾ ಬಂದೇನವಾಜರ ದರ್ಗಾ ಮತ್ತು ಶರಣಬಸವೇಶ್ವರರ ಗುಡಿ ಎರಡನ್ನೂ ತನ್ನ ಗುರುತೆಂದು ಹೇಳಿಕೊಳ್ಳುವ ಊರಿಗೆ ಅದು ಅಸಹಜವೇನಲ್ಲ.

2008ರ ಗೆರೆ ಇದೆಲ್ಲವನ್ನೂ ಕಲಕಿತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿಯನ್ನು ಮುಂದಿಟ್ಟುಕೊಂಡು ದೇಶದ ಕ್ಷೇತ್ರಗಳನ್ನು ಮರುರೂಪಿಸಿತು. ಹೊಸ ಗೆರೆಗಳ ಪ್ರಕಾರ ಮೊದಲು ವಿಧಾನಸಭಾ ಚುನಾವಣೆ ನಡೆದದ್ದು ಆ ಮೇ ತಿಂಗಳಿನಲ್ಲಿ, ನಮ್ಮ ಕರ್ನಾಟಕದಲ್ಲೇ. ನೆರೆಯ ಬೀದರ್ ಅಲ್ಲಿಯವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು, ತೊಂಬತ್ತು ದಾಟಿದ ವಯಸ್ಸಿನಲ್ಲೂ ಗೆದ್ದು ಬರುತ್ತಿದ್ದ ರಾಮಚಂದ್ರ ವೀರಪ್ಪನವರು ಅದರ ಗುರುತಾಗಿದ್ದರು. ಬೀದರ್ ಸಾಮಾನ್ಯವಾಯಿತು, ಗುಲಬರ್ಗಾ ಮೀಸಲಾಯಿತು. ರಾಯಚೂರು ಪರಿಶಿಷ್ಟ ಪಂಗಡಕ್ಕೆ ಹೋಯಿತು. ವಿಧಾನಸಭೆಯಲ್ಲಿ ಗುರುಮಠಕಲ್ ಸಾಮಾನ್ಯವಾಗಿ, ಚಿತ್ತಾಪುರ ಮೀಸಲಾಯಿತು. ಕಮಲಾಪುರ, ಶಹಾಬಾದ್ ಎಂಬ ಕ್ಷೇತ್ರಗಳು ಅಳಿಸಿಹೋಗಿ ಗುಲಬರ್ಗಾ ಗ್ರಾಮೀಣ ಎಂಬ ಹೊಸ ಮೀಸಲು ಕ್ಷೇತ್ರ ಹುಟ್ಟಿತು.

ಒಂದು ಗೆರೆ ಒಬ್ಬ ನಾಯಕನ ದಾರಿಯನ್ನು ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ಮಲ್ಲಿಕಾರ್ಜುನ ಖರ್ಗೆಯವರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1972ರಿಂದ 2004ರವರೆಗೆ ಸತತ ಎಂಟು ಸಲ ಗುರುಮಠಕಲ್ಲಿನಿಂದ ಗೆದ್ದವರು ಆ ಕ್ಷೇತ್ರ ಸಾಮಾನ್ಯವಾದಾಗ ಚಿತ್ತಾಪುರಕ್ಕೆ ಬಂದರು, ಮರುವರ್ಷವೇ, ಮೀಸಲಾಗಿದ್ದ ಗುಲಬರ್ಗಾದಿಂದ ಲೋಕಸಭೆಗೆ ನಿಂತರು. 2009ರಲ್ಲಿ ಅವರ ಗೆಲುವಿನ ಅಂತರ 13,404 ಮತಗಳು ಮಾತ್ರ, 2014ರಲ್ಲಿ ದೇಶವೆಲ್ಲ ಬೇರೆ ದಿಕ್ಕಿಗೆ ಹೋದಾಗ ಅದು 74,733ಕ್ಕೆ ಏರಿತು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿಗಾಗಿ ನಡೆದ ಸಂವಿಧಾನದ 98ನೆಯ ತಿದ್ದುಪಡಿ, ಸೇಡಂ ರಸ್ತೆಯ ಇಎಸ್ಐ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಆ ಮೊದಲ ಅವಧಿಗೆ ಸೇರಿದವು. ಆದರೂ 2019ರಲ್ಲಿ ಅವರು ಬಿಜೆಪಿಯ ಡಾ. ಉಮೇಶ ಜಾಧವ ಅವರ ಎದುರು 95,452 ಮತಗಳಿಂದ ಸೋತರು. ಅದು ಅವರ ರಾಜಕೀಯ ಜೀವನದ ಮೊದಲ ಚುನಾವಣಾ ಸೋಲು. ಜಾಧವ ಅವರು ಅದಕ್ಕೆ ಮುಂಚೆ ಚಿಂಚೋಳಿಯ ಶಾಸಕರಾಗಿದ್ದವರು. ಚಿಂಚೋಳಿ ಇರುವುದು ಬೀದರ್ ಲೋಕಸಭಾ ಕ್ಷೇತ್ರದಲ್ಲಿ. ನಮ್ಮ ಭಾಗದ ಗೆರೆಗಳ ಅಡ್ಡಾದಿಡ್ಡಿ ಎಷ್ಟೆಂದರೆ ಹೊರಗಿನವರು, ಒಳಗಿನವರು ಎಂಬ ಮಾತಿಗೆ ಇಲ್ಲಿ ಅರ್ಥವೇ ಉಳಿಯುವುದಿಲ್ಲ. 2024ರಲ್ಲಿ ಖರ್ಗೆಯವರ ಅಳಿಯ ರಾಧಾಕೃಷ್ಣ ದೊಡ್ಡಮನಿ 27,205 ಮತಗಳ ಅಂತರದಿಂದ ಕ್ಷೇತ್ರವನ್ನು ಕಾಂಗ್ರೆಸ್ಸಿಗೆ ಮರಳಿಸಿದರು.

ಇಷ್ಟರಲ್ಲಿ ನಗರ ಎಲ್ಲಿತ್ತು ಎಂಬುದೇ ನನ್ನ ಮುಖ್ಯ ಪ್ರಶ್ನೆ. 2008ರವರೆಗೆ ಇಡೀ ನಗರಕ್ಕೆ ಗುಲಬರ್ಗಾ ಎಂಬ ಒಂದೇ ವಿಧಾನಸಭಾ ಕ್ಷೇತ್ರವಿತ್ತು. 1978ರಲ್ಲಿ ಅಲ್ಲಿಂದ ಮೊದಲ ಸಲ ಗೆದ್ದ ಖಮರುಲ್ ಇಸ್ಲಾಂ ಮತ್ತು 1983, 1985ರಲ್ಲಿ ಗೆದ್ದ ಜನತಾ ಪಕ್ಷದ ಎಸ್.ಕೆ. ಕಾಂತಾ, ಇವರಿಬ್ಬರ ಪೈಪೋಟಿಯ ನೆನಪು ಹಳೆಯ ತಲೆಮಾರಿನ ಬಾಯಲ್ಲಿ ಇನ್ನೂ ಬಿಸಿಯಾಗಿದೆ. ಕಾಂತಾ ಅವರದು ಎಂ.ಎಸ್.ಕೆ. ಬಟ್ಟೆ ಮಿಲ್ಲಿನ ಕಾರ್ಮಿಕರ ರಾಜಕಾರಣ. ನಮ್ಮ ಊರಿನಲ್ಲಿ ಮಿಲ್ಲಿನ ಭೋಂಗಾ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲವೊಂದಿತ್ತು, ಆ ಕಾಲದ ಏಕೈಕ ನಿಜವಾದ ನಗರ ರಾಜಕಾರಣ ಅದು ಎಂದೇ ನಾನು ಹೇಳುತ್ತೇನೆ. ಮಿಲ್ಲು ಮುಚ್ಚಿದ ಮೇಲೆ ನಗರಕ್ಕೆ ತನ್ನದೇ ಆದ ಬೇಡಿಕೆಯನ್ನು ಅಷ್ಟು ಸ್ಪಷ್ಟವಾಗಿ ಹೇಳಲು ಮತ್ತೆ ಆಗಲಿಲ್ಲ.

2008ರಲ್ಲಿ ನಗರ ಉತ್ತರ, ದಕ್ಷಿಣವೆಂದು ಎರಡಾಯಿತು. ಉತ್ತರದಲ್ಲಿ ಖಮರುಲ್ ಇಸ್ಲಾಂ 2008 ಮತ್ತು 2013ರಲ್ಲಿ ಗೆದ್ದರು. 2017ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಪತ್ನಿ ಕನೀಜ್ ಫಾತಿಮಾ 2018 ಮತ್ತು 2023ರಲ್ಲಿ ಆಯ್ಕೆಯಾದರು. ದಕ್ಷಿಣದಲ್ಲಿ 2008ರಲ್ಲಿ ಗೆದ್ದ ಬಿಜೆಪಿಯ ಚಂದ್ರಶೇಖರ ಪಾಟೀಲ ರೇವೂರ ನಿಧನರಾದಾಗ, 2010ರ ಉಪಚುನಾವಣೆಯಲ್ಲಿ ಅವರ ಪತ್ನಿ ಅರುಣಾ ಪಾಟೀಲ ರೇವೂರ ಜೆಡಿಎಸ್ ಅಭ್ಯರ್ಥಿಯಾಗಿ ಗೆದ್ದರು. 2013 ಮತ್ತು 2018ರಲ್ಲಿ ಅವರ ಮಗ ದತ್ತಾತ್ರೇಯ ಪಾಟೀಲ ಬಿಜೆಪಿಯಿಂದ ಗೆದ್ದರು, 2023ರಲ್ಲಿ ಕಾಂಗ್ರೆಸ್ಸಿನ ಅಲ್ಲಮಪ್ರಭು ಪಾಟೀಲ ಗೆದ್ದರು. ಉತ್ತರ, ದಕ್ಷಿಣ ಎರಡರಲ್ಲೂ ಮಹಿಳೆಯೊಬ್ಬರು ವಿಧಾನಸೌಧ ತಲುಪಿದ್ದು ಗಂಡನ ಸಾವಿನ ನಂತರವೇ. ಲೋಕಸಭೆಯ ವಿಷಯಕ್ಕೆ ಬಂದರೆ 1952ರಿಂದ ಇಂದಿನವರೆಗೆ ಈ ಕ್ಷೇತ್ರದಿಂದ ಒಬ್ಬ ಮಹಿಳೆಯೂ ಹೋಗಿಲ್ಲ.

2024ರಲ್ಲಿ ಈ ಲೋಕಸಭಾ ಕ್ಷೇತ್ರದ ಮತದಾರರ ಸಂಖ್ಯೆ 20 ಲಕ್ಷ ದಾಟಿತ್ತು. ಎಂಟರಲ್ಲಿ ಎರಡು ಕ್ಷೇತ್ರಗಳು ಮಾತ್ರ ನಗರದವು, ಅಂದರೆ ಕ್ಷೇತ್ರಕ್ಕೆ ಹೆಸರು ಕೊಟ್ಟ ಊರಿನ ತೂಕ ಹೆಚ್ಚುಕಡಿಮೆ ಕಾಲು ಭಾಗ. ಪ್ರಚಾರದ ವಾಹನ ಸೂಪರ್ ಮಾರ್ಕೆಟ್ ಸುತ್ತ ಎಷ್ಟೇ ತಿರುಗಲಿ, ಗೆಲುವು ತೀರ್ಮಾನವಾಗುವುದು ಸೇಡಂ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ. ಇದನ್ನು ನಗರಕ್ಕಾದ ಅನ್ಯಾಯವೆಂದು ಒಂದು ಕಾಲದಲ್ಲಿ ನಾನು ಬಹಳ ಕಡೆ ವಾದಿಸಿದ್ದೆ. ಈಗ ಆ ವಾದದ ಬಿರುಸು ಕಡಿಮೆಯಾಗಿದೆ. ನಾವು ಕುಡಿಯುವ ನೀರು ಭೀಮೆಯಿಂದ, ಬೆಣ್ಣೆತೊರೆಯಿಂದ ಬರುತ್ತದೆ, ಎರಡೂ ನಗರದ ಹೊರಗಿವೆ. ಊರಿನ ಗಂಜು, ಅಂದರೆ ಕಾಳುಕಡಿಯ ಮಾರುಕಟ್ಟೆ, ನಡೆಯುವುದು ಹಳ್ಳಿಯ ತೊಗರಿಯಿಂದ. ರಿಂಗ್ ರೋಡಿನ ಆಚೆಗಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿರುವವರಲ್ಲಿ ಅರ್ಧಕ್ಕರ್ಧ ಜನರ ಹೊಲ ಇನ್ನೂ ಊರ ಕಡೆಯೇ ಇದೆ, ಜಾತ್ರೆಗೆ, ಎಳ್ಳಮಾವಾಸ್ಯೆಗೆ ಅವರು ಅಲ್ಲಿಗೇ ಹೋಗುತ್ತಾರೆ. ನಗರವನ್ನು ಹಳ್ಳಿಯಿಂದ ಬೇರ್ಪಡಿಸಿ ಒಂದು ಶುದ್ಧ ನಗರ ಕ್ಷೇತ್ರ ಮಾಡಿದರೆ ಬೆಂಗಳೂರಿಗೆ ಅದು ಹೊಂದಬಹುದು, ನಮಗೆ ಹೊಂದುವುದಿಲ್ಲ.

ನಗರದ ಪ್ರಾತಿನಿಧ್ಯ ನಿಜವಾಗಿ ಸೊರಗಿರುವುದು ಸಂಸತ್ತಿನಲ್ಲಲ್ಲ, ಜಗತ್ ವೃತ್ತದಿಂದ ಕೂಗಳತೆಯ ದೂರದಲ್ಲಿರುವ ಮಹಾನಗರ ಪಾಲಿಕೆಯಲ್ಲಿ. 2021ರ ಸೆಪ್ಟೆಂಬರಿನಲ್ಲಿ ಪಾಲಿಕೆಯ 55 ವಾರ್ಡುಗಳಿಗೆ ಚುನಾವಣೆ ನಡೆದು, ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1 ಎಂದು ಫಲಿತಾಂಶ ಬಂದಿತು. ಯಾರಿಗೂ ಸ್ಪಷ್ಟ ಬಹುಮತವಿಲ್ಲ. ಮೇಯರ್ ಆಯ್ಕೆಯಾದದ್ದು 2023ರ ಮಾರ್ಚಿನಲ್ಲಿ, ಅಂದರೆ ಒಂದೂವರೆ ವರ್ಷದ ನಂತರ. ಮೇಯರ್ ಚುನಾವಣೆಯಲ್ಲಿ ಸಂಸದರಿಗೂ ಶಾಸಕರಿಗೂ ವಿಧಾನ ಪರಿಷತ್ ಸದಸ್ಯರಿಗೂ ಮತವಿರುವುದರಿಂದ, ಯಾವ ಪರಿಷತ್ ಸದಸ್ಯರ ಹೆಸರು ನಗರದ ಮತದಾರರ ಪಟ್ಟಿಯಲ್ಲಿದೆ ಎಂಬುದೇ ದೊಡ್ಡ ಜಗಳವಾಗಿತ್ತು. ಆ ಹದಿನೆಂಟು ತಿಂಗಳು ನಮ್ಮ ವಾರ್ಡಿಗೆ ಆಯ್ಕೆಯಾದ ಸದಸ್ಯರಿದ್ದೂ ಸಭೆಯಿರಲಿಲ್ಲ. ಗಟಾರದ ಬಗ್ಗೆ ಹೇಳಲು ಹೋದ ನಮ್ಮ ಓಣಿಯ ಹಿರಿಯರೊಬ್ಬರು ವಾಪಸು ಬಂದು, "ಎಂ.ಪಿ. ಅದಾರ, ಎಮ್ಮೆಲ್ಲೆ ಅದಾರ, ಕಾರ್ಪೊರೇಟರೂ ಅದಾರ. ಕೇಳೋರು ಮಾತ್ರ ಯಾರೂ ಇಲ್ಲ ನೋಡ್ರಿ" ಎಂದಿದ್ದರು.

ಮುಂದಿನ ಗೆರೆ ಎಳೆಯುವ ಕಾಲವೂ ಹತ್ತಿರವಾಗುತ್ತಿದೆ. ರಾಜ್ಯಕ್ಕಿರುವ ಲೋಕಸಭಾ ಸ್ಥಾನಗಳ ಸಂಖ್ಯೆ 1971ರ ಜನಗಣತಿಯ ಲೆಕ್ಕಕ್ಕೆ ನಿಂತುಹೋಗಿದೆ, ಸಂವಿಧಾನದ 84ನೆಯ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಹಾಗೆಯೇ ಇಟ್ಟಿತು. 2023ರಲ್ಲಿ ಅಂಗೀಕಾರವಾದ ಮಹಿಳಾ ಮೀಸಲಾತಿಯನ್ನೂ ಜನಗಣತಿ ಮತ್ತು ಪುನರ್ವಿಂಗಡಣೆಗೆ ಕಟ್ಟಿಹಾಕಲಾಗಿದೆ. ದಕ್ಷಿಣದ ರಾಜ್ಯಗಳು ಎಷ್ಟು ಸ್ಥಾನ ಕಳೆದುಕೊಳ್ಳುತ್ತವೆ ಎಂಬ ಚರ್ಚೆ ಬೆಂಗಳೂರಿನಲ್ಲಿ, ಚೆನ್ನೈಯಲ್ಲಿ ಜೋರಾಗಿದೆ. ನಮ್ಮ ಕಡೆ ನಾನು ಕಾಯುತ್ತಿರುವುದು ಅದಕ್ಕಿಂತ ಸಣ್ಣ ಸಂಗತಿಗಳಿಗೆ: ಆಳಂದ ಯಾವ ಕಡೆ ಬೀಳುತ್ತದೆ, ಯಾದಗಿರಿ ಜಿಲ್ಲೆಯ ನಾಲ್ಕು ತುಂಡುಗಳು ಒಂದೆಡೆ ಸೇರುತ್ತವೆಯೇ, ಬಡಾವಣೆಗಳು ಬೆಳೆದ ನಗರಕ್ಕೆ ಇನ್ನೊಂದು ಶಾಸಕ ಸ್ಥಾನ ಬರುತ್ತದೆಯೇ, ಹೊಸ ಆದೇಶದಲ್ಲಾದರೂ ಕಲಬುರಗಿ ಎಂದು ಬರೆಯುತ್ತಾರೆಯೇ.

2024ರ ಜೂನ್ 4ರ ಸಂಜೆ ಎಣಿಕೆ ಮುಗಿದ ಮೇಲೆ ಅಕ್ಕ ಆಳಂದದಿಂದ ಫೋನ್ ಮಾಡಿದ್ದಳು. ಬೀದರಿನಿಂದ ಗೆದ್ದ ಸಾಗರ್ ಖಂಡ್ರೆಯವರಿಗೆ ಆಗ 26 ವರ್ಷ. "ನಮ್ಮ ಎಂ.ಪಿ. ನಮ್ಮ ಹುಡುಗನಕಿಂತ ಸಣ್ಣಾಂವ ಅದಾನ ನೋಡು ತಮ್ಮ. ನಿಮ್ಮ ಕಡಿ ಏನಾಯ್ತು?" ಎಂದು ಕೇಳಿದಳು. ಹೇಳಿದೆ. ಅಂತರ ಎಷ್ಟೆಂದು ಕೇಳಿದಳು, ಅದನ್ನೂ ಹೇಳಿದೆ. ಫೋನ್ ಇಡುವ ಮುಂಚೆ, "ಭಾವ ಮನ್ಯಾಗ ತೊಗರಿ ಇಟ್ಕೊಂಡು ಕುಂತಾರ. ನಾಳಿ ಗಂಜಿನ ಕಡಿ ಹೋದ್ರ ರೇಟ್ ಎಷ್ಟು ನಡೀಲತ್ತಾದ ಕೇಳಿ ಹೇಳು" ಎಂದಳು. ಮರುದಿನ ಬೆಳಿಗ್ಗೆ ಗಂಜಿಗೆ ಹೋಗಿ ಕೇಳಿ ಬಂದೆ.